ಐನೂರು ಹಕ್ಕಿ ಇದ್ದರೆ ಉಳಿದ ಹಾಗಾ? ಮಾರಿಷಸ್‌ನ ಗುಲಾಬಿ ಪಾರಿವಾಳದ ಕಥೆ

(ಪಕ್ಷಿಪ್ರಿಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡೋಡೊ ಹೆಸರು ಕೇಳದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಡೋಡೊ ಒಂದು ಪಾರಿವಾಳ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಹಾರಲು ಬಾರದ, ದಪ್ಪ ಕೊಕ್ಕಿನ, ಹತ್ತಾರು ಕಿಲೋ ತೂಗುವ ಪಾರಿವಾಳ ಅದು. ಇವತ್ತು ಬದುಕಿರುವ ಹಕ್ಕಿಗಳಲ್ಲಿ ಅದರ ಅತಿ ಹತ್ತಿರದ ನೆಂಟ ಇರುವುದು ನಮ್ಮದೇ ದೇಶದ ನಿಕೋಬಾರ್‌ನಲ್ಲಿ, ಆಗ್ನೇಯ ಏಷ್ಯಾದ ದ್ವೀಪಗಳಲ್ಲಿ. ನಿಕೋಬಾರ್ ಪಾರಿವಾಳ ಅಂತಲೇ ಅದರ ಹೆಸರು. 2002ರಲ್ಲಿ ಡೋಡೊವಿನ ಹಳೆಯ ಅವಶೇಷದಿಂದ ಡಿಎನ್ಎ ತೆಗೆದು ನೋಡಿದಾಗ ಈ ನೆಂಟಸ್ತನ ಬಯಲಾಯಿತು.

ಡಚ್ಚರು ಮಾರಿಷಸ್‌ನಲ್ಲಿ ಇಳಿದದ್ದು 1598ರಲ್ಲಿ. ಡೋಡೊವನ್ನು ಕಣ್ಣಾರೆ ಕಂಡೆ ಅನ್ನುವ, ನಂಬಬಹುದಾದ ಕೊನೆಯ ದಾಖಲೆ 1662ರದ್ದು. ನಡುವೆ 64 ವರ್ಷ. ಅಷ್ಟರಲ್ಲಿ ಒಂದು ಜಾತಿ ಮುಗಿದು ಹೋಯಿತು.

ನಾನು ಇವತ್ತು ಡೋಡೊ ಬಗ್ಗೆ ಮಾತಾಡಲು ಬಂದಿಲ್ಲ. ಅದರ ಜೊತೆ ಅದೇ ಕಾಡಿನಲ್ಲಿದ್ದು, ಡೋಡೊ ಹೋದ ಮೇಲೂ ಹೇಗೋ ಉಳಿದುಕೊಂಡ ಇನ್ನೊಂದು ಪಾರಿವಾಳದ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ಗುಲಾಬಿ ಪಾರಿವಾಳ. ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನಿಂದ ಪೂರ್ವಕ್ಕೆ ಮೂರು ದ್ವೀಪಗಳಿವೆ: ರಿಯೂನಿಯನ್, ಮಾರಿಷಸ್, ರೋಡ್ರಿಗ್ಸ್. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪಗಳು. ಇಲ್ಲಿ ಒಂದು ಕಾಲಕ್ಕೆ ಬಗೆಬಗೆಯ ಪಾರಿವಾಳಗಳಿದ್ದವು. ರೋಡ್ರಿಗ್ಸ್‌ನಲ್ಲಿ ಸಾಲಿಟೇರ್ ಅನ್ನುವ ಹಾರದ ಪಾರಿವಾಳ ಇತ್ತು, 18ನೇ ಶತಮಾನದಲ್ಲಿ ಹೋಯಿತು. ಮಾರಿಷಸ್‌ನಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ ಚೆಂದದ ಪಾರಿವಾಳವೊಂದಿತ್ತು, 1830ರ ದಶಕದ ಹೊತ್ತಿಗೆ ಅದೂ ಇಲ್ಲ. ರಿಯೂನಿಯನ್‌ನಲ್ಲಿ ಅದರದ್ದೇ ಆದ ಗುಲಾಬಿ ಪಾರಿವಾಳ ಇತ್ತು, 1700ರ ಸುಮಾರಿಗೆ ಮಾಯವಾಯಿತು. ಈ ದ್ವೀಪಗಳಲ್ಲೇ ವಿಕಾಸವಾದ ಅಷ್ಟು ಪಾರಿವಾಳಗಳಲ್ಲಿ ಉಳಿದದ್ದು ಇದೊಂದೇ. ನನಗೆ ಈ ಹಕ್ಕಿಯ ಮೇಲೆ ಇಷ್ಟು ಅಕ್ಕರೆ ಬರಲು ಮೊದಲ ಕಾರಣ ಅದೇ.

ನೋಡಲು ಹೇಗಿದೆ? ನಮ್ಮ ಊರಿನ ಪಾರಿವಾಳದಷ್ಟೇ, ಅಥವಾ ಅದಕ್ಕಿಂತ ಸ್ವಲ್ಪ ದೊಡ್ಡದು. ತಲೆ, ಕುತ್ತಿಗೆ, ಎದೆ ತಿಳಿ ಗುಲಾಬಿ. ಗಾಢ ಗುಲಾಬಿ ಅಲ್ಲ, ಬೂದಿ ಬೆರೆತ ಮೆಲುವಾದ ಬಣ್ಣ. ರೆಕ್ಕೆ ಕಂದು. ಬಾಲ ತುಕ್ಕಿನ ಕೆಂಪು. ಕಾಲು ಕೆಂಪು, ಕೊಕ್ಕು ಕೂಡ ಕೆಂಪು, ಅದರ ತುದಿ ಮಾತ್ರ ಬಿಳಿ. ಎಲೆ, ಚಿಗುರು, ಮೊಗ್ಗು, ಹೂವು, ಹಣ್ಣು, ಬೀಜ ಎಲ್ಲವನ್ನೂ ತಿನ್ನುತ್ತದೆ. ಅಂದರೆ ಅದಕ್ಕೆ ವರ್ಷವಿಡೀ ಒಂದಲ್ಲ ಒಂದು ಮರ ಚಿಗುರುತ್ತಲೋ, ಹೂ ಬಿಡುತ್ತಲೋ, ಕಾಯುತ್ತಲೋ ಇರುವ ಕಾಡು ಬೇಕು. ತರಹೇವಾರಿ ಮರಗಳಿರುವ ಹಳೆಯ ಕಾಡಿನಲ್ಲಿ ಮಾತ್ರ ಅದು ಸಾಧ್ಯ, ಅಲ್ವಾ?

ಆ ಕಾಡು ಏನಾಯಿತು ಅಂತ ಕೇಳಿ. ಡಚ್ಚರು ಎಬೊನಿ ಮರಕ್ಕಾಗಿ ಕಡಿದರು. ಅವರ ನಂತರ ಬಂದ ಫ್ರೆಂಚರು, 1810ರಲ್ಲಿ ಬಂದ ಬ್ರಿಟಿಷರು ಕಬ್ಬಿಗಾಗಿ ಕಡಿದರು. ಇವತ್ತು ಮಾರಿಷಸ್‌ನಲ್ಲಿ ಒಳ್ಳೆಯ ಸ್ಥಿತಿಯಲ್ಲಿರುವ ಮೂಲ ಕಾಡು ಶೇಕಡ 2ಕ್ಕಿಂತ ಕಡಿಮೆ. ಉಳಿದ ಆ ಚೂರಿನೊಳಗೂ ಹೊರಗಿನಿಂದ ಬಂದ ಗಿಡಗಳು ತುಂಬಿಕೊಂಡಿವೆ. ಬ್ರೆಜಿಲ್ ಕಡೆಯ ಒಂದು ಜಾತಿಯ ಸೀಬೆ ಇದೆ, ಸಣ್ಣ ಕೆಂಪು ಹಣ್ಣಿನದ್ದು. ಅದು ಎಷ್ಟು ಒತ್ತಾಗಿ ಬೆಳೆಯುತ್ತದೆ ಅಂದರೆ ಕೆಳಗೆ ಮೂಲ ಮರದ ಒಂದು ಸಸಿಯೂ ಏಳುವುದಿಲ್ಲ. ಹಳೆಯ ಮರಗಳು ಮೇಲೆ ನಿಂತಿರುತ್ತವೆ, ಆದರೆ ಅವುಗಳ ಮಕ್ಕಳು ಇರುವುದಿಲ್ಲ.

ಇನ್ನು ಪ್ರಾಣಿಗಳು. ಹಡಗಿನ ಜೊತೆ ಇಲಿ ಬಂತು. ಬೆಕ್ಕು, ಹಂದಿ ಬಂದವು. 1639ರಲ್ಲಿ ಜಾವಾದಿಂದ ಜಿಂಕೆ ತಂದು ಬಿಟ್ಟರು. ಆಗ್ನೇಯ ಏಷ್ಯಾದ ಉದ್ದ ಬಾಲದ ಕೋತಿಯೂ ನಾವಿಕರ ಕಾಲದಲ್ಲೇ ಬಂದು ಸೇರಿತು. ಮನುಷ್ಯ ಬರುವ ಮುಂಚೆ ಆ ದ್ವೀಪದಲ್ಲಿದ್ದ ಸಸ್ತನಿಗಳೆಂದರೆ ಬರೀ ಬಾವಲಿಗಳು. ಮರ ಹತ್ತಿ ಮೊಟ್ಟೆ ಕದಿಯುವ ಪ್ರಾಣಿ ಅಂದರೆ ಏನು ಅಂತ ಅಲ್ಲಿನ ಹಕ್ಕಿಗಳಿಗೆ ಗೊತ್ತೇ ಇರಲಿಲ್ಲ.

ಇಲ್ಲಿ ನಮಗೂ ಸಂಬಂಧಿಸಿದ ಒಂದು ಸಂಗತಿ ಇದೆ. ಮಾರಿಷಸ್‌ನಲ್ಲಿ ಇಳಿದರೆ ಮೊದಲು ಕಾಣುವ ಹಕ್ಕಿಗಳಲ್ಲಿ ಅರ್ಧಕ್ಕರ್ಧ ನಮಗೆ ಪರಿಚಯದವೇ. ಗೊರವಂಕ, ಅಂದರೆ ಮೈನಾವನ್ನು ಮಿಡತೆ ಕಾಟ ತಡೆಯಲು 1760ರ ದಶಕದಲ್ಲಿ ಭಾರತದಿಂದ ಒಯ್ದರು. ಕೆಮ್ಮೀಸೆಯ ಪಿಕಳಾರ 1892ರಲ್ಲಿ ಹೋಯಿತು. ಚುಕ್ಕೆ ಬೆಳವವೂ ಅಲ್ಲಿದೆ. 1900ರಲ್ಲಿ, ಪ್ಲೇಗ್ ಹರಡುತ್ತಿದ್ದ ಇಲಿಗಳನ್ನು ಹಿಡಿಯಲಿ ಅಂತ ನಮ್ಮ ಮುಂಗುಸಿಯನ್ನೂ ತಂದು ಬಿಟ್ಟರು. ಅದು ಇಲಿಯನ್ನಷ್ಟೇ ತಿಂದು ಸುಮ್ಮನೆ ಕೂರಲಿಲ್ಲ, ನೆಲಕ್ಕಿಳಿದ ಹಕ್ಕಿಗಳನ್ನೂ ಹಿಡಿಯಿತು. ನಮ್ಮ ಹಿತ್ತಲಲ್ಲಿ ಓಡಾಡಿಕೊಂಡಿರುವ ಪ್ರಾಣಿಗಳೇ ಇನ್ನೊಂದು ನೆಲದಲ್ಲಿ ಇಷ್ಟು ಹಾನಿ ಮಾಡಬಲ್ಲವು. ಪ್ರಾಣಿಯದ್ದೇನೂ ತಪ್ಪಿಲ್ಲ, ಒಯ್ದವರದ್ದು.

ಇಷ್ಟೆಲ್ಲ ಆದ ಮೇಲೆ ಗುಲಾಬಿ ಪಾರಿವಾಳ ಎಲ್ಲಿ ಉಳಿಯಿತು? ದ್ವೀಪದ ನೈಋತ್ಯದ ಎತ್ತರದ ಕಾಡಿನಲ್ಲಿ. ಯಾವಾಗಲೂ ಮೋಡ, ಮಂಜು, ಮಳೆ. 1970ರ ದಶಕದಲ್ಲಿ ಹುಡುಕಿದವರಿಗೆ ಗೂಡುಗಳು ಸಿಕ್ಕಿದ್ದು ಒಂದೇ ಒಂದು ಸಣ್ಣ ತೋಪಿನಲ್ಲಿ. ಅದಕ್ಕೆ ಪಿಜನ್ ವುಡ್ ಅಂತ ಹೆಸರಾಯಿತು. ಆ ತೋಪಿನ ಮರಗಳು ಯಾವುವು ಅಂದುಕೊಂಡಿರಿ? ಮಾರಿಷಸ್‌ನ ಮೂಲ ಮರಗಳಲ್ಲ. ನೆಡುತೋಪಿಗೆ ಅಂತ ತಂದು ನೆಟ್ಟ ಜಪಾನಿನ ಕ್ರಿಪ್ಟೊಮೇರಿಯಾ! ಅದರ ಎಲೆ ಸೂಜಿಯಂತೆ ಚೂಪು, ಕೊಂಬೆಗಳು ಬಲು ಒತ್ತು. ಕೋತಿಗೂ ಇಲಿಗೂ ಒಳಗೆ ನುಗ್ಗುವುದು ಕಷ್ಟ. ಪಾರಿವಾಳದ ಗೂಡು ಅಂದರೆ ಗೊತ್ತಲ್ಲ, ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು ಮುಗಿಸಿದ್ದು. ಕೆಳಗಿನಿಂದ ನೋಡಿದರೆ ಮೊಟ್ಟೆ ಕಾಣುವಷ್ಟು ತೆಳು. ಅಂಥ ಗೂಡಿಗೆ ಈ ಮುಳ್ಳು ಎಲೆಗಳೇ ಕೋಟೆ. ತನ್ನ ಮೂಲ ಕಾಡಿನಲ್ಲಿ ಮರಿ ಮಾಡಲು ಆಗದ ಹಕ್ಕಿ ಬೇರೆ ದೇಶದ ಮರದಲ್ಲಿ ಅಡಗಿ ವಂಶ ಉಳಿಸಿಕೊಂಡಿತು. ಹೊರಗಿನ ಗಿಡ ಎಲ್ಲವೂ ಕೆಟ್ಟದ್ದು ಅಂತ ಒಂದೇ ಮಾತಲ್ಲಿ ಹೇಳುವವರಿಗೆ ನಾನು ಈ ತೋಪಿನ ಕಥೆ ಹೇಳುತ್ತೇನೆ.

1975ರ ಫೆಬ್ರುವರಿಯಲ್ಲಿ ಗರ್ವೇಸ್ ಚಂಡಮಾರುತ ಬಂತು. ಗಾಳಿಗೆ ಕೆಲವು ಸತ್ತವು, ಆಮೇಲೆ ಎಲೆ, ಹಣ್ಣು ಏನೂ ಇಲ್ಲದೆ ಇನ್ನೂ ಕೆಲವು ಸತ್ತವು. ಮೊದಲೇ ಬೆರಳೆಣಿಕೆಯಷ್ಟಿದ್ದ ಹಕ್ಕಿಗಳು ಇನ್ನೂ ಇಳಿದವು. ಅದರ ಮರುವರ್ಷ, 1976ರಲ್ಲಿ, ಇಂಗ್ಲೆಂಡ್, ಫ್ರಾನ್ಸ್ ನಡುವಿನ ಜರ್ಸಿ ದ್ವೀಪದಲ್ಲಿ ಮೃಗಾಲಯ ಕಟ್ಟಿದ ಜೆರಾಲ್ಡ್ ಡರೆಲ್ ಮಾರಿಷಸ್‌ಗೆ ಬಂದರು. ಒಂದಷ್ಟು ಹಕ್ಕಿಗಳನ್ನು ಹಿಡಿದು ಪಂಜರದಲ್ಲಿ ಮರಿ ಮಾಡಿಸುವ ಕೆಲಸ ಶುರುವಾಯಿತು, ಮಾರಿಷಸ್‌ನಲ್ಲೂ ಜರ್ಸಿಯಲ್ಲೂ. 1979ರಲ್ಲಿ ಕಾರ್ಲ್ ಜೋನ್ಸ್ ಅನ್ನುವ ವೇಲ್ಸ್‌ನ ಯುವಕ ಬಂದರು. ಬಂದವರು ದಶಕಗಟ್ಟಲೆ ಅದೇ ಕೆಲಸಕ್ಕೆ ಅಂಟಿಕೊಂಡರು. ಕಾಡಿನಲ್ಲಿ ನಾಲ್ಕಕ್ಕೆ ಇಳಿದಿದ್ದ ಮಾರಿಷಸ್ ಚಾಣವನ್ನು, ಎಕೋ ಗಿಳಿಯನ್ನು ಉಳಿಸಿದ್ದರಲ್ಲೂ ಅವರ ಪಾಲು ದೊಡ್ಡದು. 2016ರಲ್ಲಿ ಅವರಿಗೆ ವನ್ಯಜೀವಿ ಸಂರಕ್ಷಣೆಗೆ ಕೊಡುವ ಇಂಡಿಯಾನಾಪೊಲಿಸ್ ಪ್ರಶಸ್ತಿ ಬಂತು. 1984ರಲ್ಲಿ ಹುಟ್ಟಿದ ಮಾರಿಷಸ್ ವನ್ಯಜೀವಿ ಪ್ರತಿಷ್ಠಾನ ಈ ಕೆಲಸವನ್ನು ಇವತ್ತಿಗೂ ನಡೆಸುತ್ತಿದೆ, ಸರ್ಕಾರದ ಜೊತೆ ಸೇರಿ.

ಪಂಜರದಲ್ಲಿ ಮರಿ ಮಾಡಿಸುವುದು ಸಲೀಸಾಗಿರಲಿಲ್ಲ. ಮೊಟ್ಟೆ ಇಟ್ಟರೂ ಕೆಲವು ಜೋಡಿಗಳು ಕಾವು ಕೂರಲಿಲ್ಲ, ಮರಿಯನ್ನು ಸರಿಯಾಗಿ ಸಾಕಲಿಲ್ಲ. ಆಗ ಮನೆಗಳಲ್ಲಿ ಸಾಕುವ ಬೆಳವಗಳನ್ನು ದಾದಿಯರನ್ನಾಗಿ ಮಾಡಿದರು. ಗುಲಾಬಿ ಪಾರಿವಾಳದ ಮೊಟ್ಟೆಯನ್ನು ಅವುಗಳ ಗೂಡಿಗೆ ಇಟ್ಟರೆ ಅವು ತಮ್ಮದೇ ಅಂತ ಸಾಕುತ್ತಿದ್ದವು. ಪಾರಿವಾಳಗಳ ಮರಿಗೆ ಬೇರೆ ಹಕ್ಕಿಯ ಹಾಗೆ ಹುಳ ತಿನ್ನಿಸಿ ಬೆಳೆಸಲು ಬರುವುದಿಲ್ಲ. ತಂದೆ, ತಾಯಿ ಇಬ್ಬರ ಗಂಟಲ ಕೆಳಗಿನ ಚೀಲದಲ್ಲೂ ಮೊಸರಿನಂಥ ಒಂದು ಪದಾರ್ಥ ಒಸರುತ್ತದೆ. ಮರಿ ತನ್ನ ಕೊಕ್ಕನ್ನು ಅವರ ಬಾಯೊಳಗೆ ತೂರಿಸಿ ಅದನ್ನು ಕುಡಿಯುತ್ತದೆ. ಮೊದಲ ವಾರವೆಲ್ಲ ಅದೇ ಊಟ. ಈ ಪಾರಿವಾಳ ಹಾಲಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಸಲ ಹಕ್ಕಿಗಳನ್ನು ಹೊರಗೆ ಬಿಟ್ಟಿದ್ದು 1984ರಲ್ಲಿ, ಪಾಂಪ್ಲೆಮೂಸ್‌ನ ಸಸ್ಯೋದ್ಯಾನದಲ್ಲಿ, ಪ್ರಯೋಗಕ್ಕೆ ಅಂತ. ಹುಡುಗರು ರಬ್ಬರಿನ ಕವಣೆಯಿಂದ ಹೊಡೆದು ಹಲವನ್ನು ಕೊಂದರು. ಮನುಷ್ಯರ ಭಯವೇ ಇಲ್ಲದ ಹಕ್ಕಿ, ಕೈಗೆಟುಕುವಷ್ಟು ಹತ್ತಿರ ಕೂರುತ್ತಿತ್ತು. ಆ ಪ್ರಯತ್ನ ಅಲ್ಲಿಗೇ ನಿಂತಿತು. 1987ರಿಂದ ಬ್ಲ್ಯಾಕ್ ರಿವರ್ ಕಣಿವೆಯ ಕಾಡಿನಲ್ಲಿ ಬಿಡತೊಡಗಿದರು. ಆದರೂ 1990ರ ಹೊತ್ತಿಗೆ ಕಾಡಿನಲ್ಲಿ ಸ್ವತಂತ್ರವಾಗಿದ್ದ ಗುಲಾಬಿ ಪಾರಿವಾಳಗಳು ಹತ್ತರಷ್ಟು ಮಾತ್ರ. ಭೂಮಿಯ ಮೇಲಿನ ಕಾಡುಗಳಲ್ಲೆಲ್ಲ ಹುಡುಕಿದರೂ ಹತ್ತು.

ಅಲ್ಲಿಂದ ಮೇಲೆ ಬಂದದ್ದು ಹೇಗೆ ಅನ್ನುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕಾಡಿನಲ್ಲಿ ಬಿಡಾರ ಹೂಡಿ ಜನ ಉಳಿದರು. ಗೂಡಿನ ಸುತ್ತ ಇಲಿಗಳಿಗೆ ವಿಷ ಇಟ್ಟರು, ಬೆಕ್ಕು, ಮುಂಗುಸಿಗೆ ಬೋನು ಇಟ್ಟರು. ಬೇರೆ ಬೇರೆ ಕಡೆ ಮೆಕ್ಕೆಜೋಳದ ನುಚ್ಚು, ಗೋಧಿ ಹಾಕುವ ತಾಣಗಳನ್ನು ಮಾಡಿದರು. ಪ್ರತಿ ಹಕ್ಕಿಯ ಕಾಲಿಗೂ ಬಣ್ಣಬಣ್ಣದ ಉಂಗುರ ಹಾಕಿದರು. ಉಂಗುರದ ಬಣ್ಣ ನೋಡಿಯೇ ಇದು ಯಾರ ಮಗಳು, ಯಾವ ವರ್ಷ ಹುಟ್ಟಿದ್ದು, ಯಾರ ಜೊತೆ ಜೋಡಿ ಅಂತ ಅವರು ಹೇಳಬಲ್ಲರು. 1994ರಲ್ಲಿ ಬ್ಲ್ಯಾಕ್ ರಿವರ್ ಗಾರ್ಜಸ್ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಅದೇ ವರ್ಷ ಹಕ್ಕಿಗಳನ್ನು ಈಲ್ ಓ ಜೆಗ್ರೆಟ್ ಅನ್ನುವ ಪುಟ್ಟ ಹವಳದ ದ್ವೀಪಕ್ಕೂ ಒಯ್ದರು. ಮಹೆಬೋರ್ಗ್ ಊರಿನ ಎದುರು, ದಡದಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ. ಬರೀ 26 ಹೆಕ್ಟೇರ್. ಅಲ್ಲಿ ಇಲಿ, ಬೆಕ್ಕುಗಳನ್ನು ಪೂರ್ತಿ ತೆಗೆದಿದ್ದಾರೆ, ಕೋತಿ ಇಲ್ಲ. ಮುಂದೆ ಫೆರ್ನಿ ಕಣಿವೆಗೂ, ಶಾಮರೆಲ್ ಹತ್ತಿರದ ಎಬೊನಿ ಕಾಡಿಗೂ ಹಕ್ಕಿಗಳು ಹೋದವು.

ಸಂಖ್ಯೆ ಏರಿತು. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 'ತೀವ್ರ ಅಳಿವಿನಂಚು' ಅಂತ ಇದ್ದದ್ದು 2000ದಲ್ಲಿ 'ಅಳಿವಿನಂಚು' ಆಯಿತು. 2018ರಲ್ಲಿ 'ಅಪಾಯಕ್ಕೀಡಾಗಬಹುದಾದದ್ದು' ಆಯಿತು. ಈಗ ಐನೂರರ ಆಸುಪಾಸು ಇವೆ. ಹತ್ತರಿಂದ ಐನೂರು! ಆ ಜನರಿಗೆ ಕೈ ಮುಗಿಯಬೇಕು.

ನನ್ನ ಮಾತು ಇರುವುದು ಇಲ್ಲಿಂದ ಮುಂದೆ. ಈ ಸಂಖ್ಯೆ ನೋಡಿ 'ಉಳಿಯಿತು ಬಿಡಿ' ಅಂತ ಬಹಳ ಜನ ಬರೆದರು. ನನಗೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಎರಡು ಕಾರಣಕ್ಕೆ.

ಒಂದು, ರೋಗ. ಟ್ರೈಕೊಮೊನಾಸ್ ಅನ್ನುವ ಕಣ್ಣಿಗೆ ಕಾಣದ ಪರಜೀವಿ ಪಾರಿವಾಳಗಳ ಬಾಯಿ, ಗಂಟಲಲ್ಲಿ ಇರುತ್ತದೆ. ಹೊರಗಿನಿಂದ ಬಂದ ಬೆಳವಗಳಲ್ಲೂ ಇದೆ, ಅವಕ್ಕೆ ಅಷ್ಟೇನೂ ತೊಂದರೆ ಮಾಡುವುದಿಲ್ಲ. ದೊಡ್ಡ ಗುಲಾಬಿ ಪಾರಿವಾಳವೂ ಎಷ್ಟೋ ಸಲ ತಡೆದುಕೊಳ್ಳುತ್ತದೆ. ಆದರೆ ಆ ಪಾರಿವಾಳ ಹಾಲು ಇದೆಯಲ್ಲ, ಅದರ ಜೊತೆಯಲ್ಲೇ ಪರಜೀವಿ ಮರಿಯ ಗಂಟಲಿಗೆ ಇಳಿಯುತ್ತದೆ. ಮರಿಯ ಗಂಟಲೊಳಗೆ ಹಳದಿ ಬಣ್ಣದ ಗಟ್ಟಿ ಗಡ್ಡೆ ಬೆಳೆಯುತ್ತದೆ. ತಾಯಿ ಉಣಿಸಲು ಬಂದರೂ ನುಂಗಲು ಆಗುವುದಿಲ್ಲ, ಕೊನೆಗೆ ಉಸಿರೂ ಆಡುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿಗಳು ಗೂಡಲ್ಲೇ ಸಾಯಲು ಇದೊಂದು ಬಹು ಮುಖ್ಯ ಕಾರಣ. ಕೆಲಸ ಮಾಡುವವರು ಹಕ್ಕಿ ಹಿಡಿದು, ಬಾಯೊಳಗೆ ಹತ್ತಿಯ ಕಡ್ಡಿ ಆಡಿಸಿ ಪರೀಕ್ಷೆ ಮಾಡುತ್ತಾರೆ, ಔಷಧ ಕೊಡುತ್ತಾರೆ. ಇದರಲ್ಲಿ ಒಂದು ಇಕ್ಕಟ್ಟಿದೆ. ಹೊಟ್ಟೆಗೆ ಸಾಲದು ಅಂತ ಕಾಳು ಹಾಕಬೇಕು. ಕಾಳು ಹಾಕಿದ ಜಾಗಕ್ಕೆ ಬೆಳವಗಳೂ ಬರುತ್ತವೆ, ಒಂದೇ ತಟ್ಟೆಯಲ್ಲಿ ಕೊಕ್ಕಾಡಿಸುತ್ತವೆ, ರೋಗ ಹರಡುತ್ತದೆ. ಕಾಳು ನಿಲ್ಲಿಸಿದರೆ ಹಸಿವು, ಹಾಕಿದರೆ ರೋಗ.

ಎರಡನೆಯದು ಇನ್ನೂ ಒಳಗಿನದ್ದು, ಕಣ್ಣಿಗೆ ಕಾಣದ್ದು. ಪಂಜರದ ಹಕ್ಕಿಗಳ ವಂಶ ಶುರುವಾದದ್ದು ಹನ್ನೆರಡರ ಆಸುಪಾಸು ಹಕ್ಕಿಗಳಿಂದ. ಇವತ್ತಿನ ಐನೂರೂ ಹತ್ತಿರದ ಬಂಧುಗಳೇ. ಒಂದು ಊರಲ್ಲಿ ಮೊದಲು ಐವತ್ತು ಬಗೆಯ ಭತ್ತ ಇತ್ತು ಅಂತಿಟ್ಟುಕೊಳ್ಳಿ. ಬರ ಬಂದು ಮೂರು ಬಗೆಯ ಬೀಜ ಮಾತ್ರ ಉಳಿಯಿತು. ಆಮೇಲೆ ಒಳ್ಳೆಯ ಮಳೆಯಾಗಿ ಕಣಜ ತುಂಬಿತು. ತುಂಬಿದ ಕಣಜದಲ್ಲಿ ಇರುವುದು ಅದೇ ಮೂರು ಬಗೆ. ಹೊಸ ರೋಗ ಬಂದರೆ ತಡೆಯುವ ತಳಿ ಆ ನಲವತ್ತೇಳರಲ್ಲಿ ಇತ್ತೋ ಏನೋ, ಈಗ ಸಿಗುವುದಿಲ್ಲ.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು. ದಶಕಗಳ ಕಾಲ ಸಂಗ್ರಹಿಸಿಟ್ಟ ಮಾದರಿಗಳಿಂದ ಈ ಹಕ್ಕಿಯ ವಂಶವಾಹಿಗಳನ್ನು ಓದಿದಾಗ ಒಂದು ವಿಚಿತ್ರ ಕಂಡಿತು. ಹಕ್ಕಿಗಳ ಸಂಖ್ಯೆ ಏರುತ್ತಿದ್ದ ಅದೇ ವರ್ಷಗಳಲ್ಲಿ ವಂಶವಾಹಿಗಳ ವೈವಿಧ್ಯ ಇಳಿಯುತ್ತಲೇ ಇತ್ತು. ಒಳಸಂಬಂಧದಿಂದ ಹುಟ್ಟಿದ ಮರಿಗಳಲ್ಲಿ ಅಡಗಿದ್ದ ದೋಷಗಳು ಹೊರಬರುತ್ತವೆ. ಮೊಟ್ಟೆ ಬರಡಾಗುತ್ತದೆ, ಮರಿ ಬಾಳುವುದಿಲ್ಲ. ಹೀಗೇ ಬಿಟ್ಟರೆ ಮುಂದಿನ 50ರಿಂದ 100 ವರ್ಷಗಳಲ್ಲಿ ಈ ಜಾತಿ ಕಾಡಿನಿಂದ ಅಳಿಯಬಹುದು ಅಂತ ಆ ಅಧ್ಯಯನ ಹೇಳಿತು. 2018ರಲ್ಲಿ ಪಟ್ಟಿಯಲ್ಲಿ ಬಡ್ತಿ ಸಿಕ್ಕಿದೆ, 2022ರಲ್ಲಿ ಈ ಎಚ್ಚರಿಕೆ. ಎರಡೂ ನಿಜ.

ದಾರಿ ಇಲ್ಲ ಅಂತಲ್ಲ. ಜರ್ಸಿಯಲ್ಲಿ, ಯುರೋಪಿನ ಬೇರೆ ಮೃಗಾಲಯಗಳಲ್ಲಿ ಸಾಕಿದ ಹಕ್ಕಿಗಳಲ್ಲಿ, ಮಾರಿಷಸ್‌ನ ಕಾಡಿನಲ್ಲಿ ಈಗಾಗಲೇ ಕಳೆದುಹೋದ ಕೆಲವು ಅಂಶಗಳು ಇನ್ನೂ ಉಳಿದಿವೆ. ಅವುಗಳ ಸಂತತಿಯನ್ನು ಕಾಡಿನ ಹಕ್ಕಿಗಳ ಜೊತೆ ಬೆರೆಸಬೇಕು ಅನ್ನುವುದು ವಿಜ್ಞಾನಿಗಳ ಸಲಹೆ. ಮೃಗಾಲಯ ಅಂದರೆ ಮೂಗು ಮುರಿಯುವವರಲ್ಲಿ ನಾನೂ ಒಬ್ಬ, ಆದರೆ ಈ ಹಕ್ಕಿಯ ವಿಷಯದಲ್ಲಿ ಮೃಗಾಲಯಗಳ ಋಣ ದೊಡ್ಡದು. ನಲವತ್ತು ವರ್ಷ ಯಾರೋ ತಾಳ್ಮೆಯಿಂದ ಯಾವ ಹಕ್ಕಿಗೆ ಯಾವುದು ಜೋಡಿ ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದಲೇ ಈಗ ಈ ಮಾತು ಆಡಲು ಸಾಧ್ಯವಾಗಿದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ನಮ್ಮ ಕಡೆ ಇಂಥ ಪಾರಿವಾಳ ಇಲ್ಲವೇ ಸರ್, ಅಂತ ಒಬ್ಬರು ಕೇಳಿದರು. ಇದೆ. ನೀಲಗಿರಿ ಕಾಡು ಪಾರಿವಾಳ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಕೊಡಗಿನಲ್ಲಿ, ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಕಾಣಬಹುದು. ಕತ್ತಿನ ಹಿಂಭಾಗದಲ್ಲಿ ಚದುರಂಗದ ಮನೆಗಳ ಹಾಗೆ ಕಪ್ಪು ಬಿಳುಪು ಇರುತ್ತದೆ. ಕೆಂಪು ಪಟ್ಟಿಯಲ್ಲಿ ಅದೂ ಗುಲಾಬಿ ಪಾರಿವಾಳ ಇರುವ ದರ್ಜೆಯಲ್ಲೇ ಇದೆ. ಅದನ್ನು ನೋಡಿದವರು ಈ ಸಭೆಯಲ್ಲೇ ಇಬ್ಬರು ಮೂವರು ಕೈ ಎತ್ತಿದರು, ಸಂತೋಷವಾಯಿತು.

ಕೋತಿಗಳನ್ನು ಪೂರ್ತಿ ಹಿಡಿದುಬಿಡಬಾರದೇ ಅಂತ ಒಬ್ಬ ಹುಡುಗಿ ಕೇಳಿದಳು. 26 ಹೆಕ್ಟೇರಿನ ಪುಟ್ಟ ದ್ವೀಪದಲ್ಲಿ ಇಲಿಯನ್ನು ಕೊನೆಯದರವರೆಗೂ ತೆಗೆಯಬಹುದು. ದೊಡ್ಡ ದ್ವೀಪದ ಕಡಿದಾದ ಕಣಿವೆಗಳಲ್ಲಿ ಕೋತಿಯಾಗಲಿ ಇಲಿಯಾಗಲಿ, ಪೂರ್ತಿ ತೆಗೆಯುವುದು ಆಗದ ಕೆಲಸ. ಹಾಗಾಗಿ ಗೂಡಿರುವ ಜಾಗಗಳನ್ನಷ್ಟೇ ಕಾಯುತ್ತಾರೆ. ಪುಟ್ಟ ದ್ವೀಪ ಸುರಕ್ಷಿತ ಅಂದುಕೊಂಡರೆ ಅಲ್ಲೂ ಬೇರೆ ಆಪತ್ತು. 2020ರ ಜುಲೈಯಲ್ಲಿ ವಕಾಶಿಯೊ ಅನ್ನುವ ಹಡಗು ಅದೇ ತೀರದ ಹವಳದ ದಿಬ್ಬಕ್ಕೆ ಬಂದು ಸಿಕ್ಕಿಕೊಂಡಿತು. ಆಗಸ್ಟ್‌ನಲ್ಲಿ ಸುಮಾರು ಸಾವಿರ ಟನ್ ತೈಲ ಸೋರಿತು. ಈಲ್ ಓ ಜೆಗ್ರೆಟ್‌ನ ದಡಕ್ಕೂ ಬಂತು. ಮಾರಿಷಸ್‌ನ ಜನ ಕಬ್ಬಿನ ಸೋಗೆಯನ್ನು ಬಟ್ಟೆಯಲ್ಲಿ ತುಂಬಿ, ಹೊಲಿದು, ನೀರಿನ ಮೇಲೆ ತಡೆಗೋಡೆಯಾಗಿ ತೇಲಿಬಿಟ್ಟರು. ಕಾಡು ನುಂಗಿದ ಅದೇ ಕಬ್ಬು, ಆ ದಿನ ಹೀಗೆ ಉಪಯೋಗಕ್ಕೆ ಬಂತು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರದ್ದು. ಎಷ್ಟು ವರ್ಷ ಅಂತ ಹೀಗೆ ಕಾಳು ಹಾಕುವುದು, ಒಂದು ದಿನ ನಿಲ್ಲಿಸಲೇಬೇಕಲ್ಲ ಅಂದರು. ನಿಲ್ಲಿಸಬಹುದು ಯಜಮಾನರೇ, ಕಾಡು ತಾನೇ ಉಣಿಸುವ ಹಾಗಾದರೆ. ಅದಕ್ಕಾಗಿ ಅಲ್ಲಿ ಕಾಡಿನ ಕೆಲವು ತುಂಡುಗಳಿಗೆ ಬೇಲಿ ಹಾಕಿ, ಜಿಂಕೆ, ಹಂದಿ ಬಾರದಂತೆ ಮಾಡಿ, ಒಳಗಿನ ಸೀಬೆ ಗಿಡಗಳನ್ನು ಕೈಯಿಂದ ಕಿತ್ತು, ಮೂಲ ಮರಗಳ ಸಸಿ ನೆಡುತ್ತಿದ್ದಾರೆ. ಒಂದು ಸಲ ಕಿತ್ತರೆ ಆಗಲಿಲ್ಲ, ಸೀಬೆ ಮತ್ತೆ ಚಿಗುರುತ್ತದೆ, ಮತ್ತೆ ಹೋಗಿ ಕೀಳಬೇಕು. ಎಬೊನಿಯಂಥ ಮರ ತೀರಾ ನಿಧಾನ, ನೆಟ್ಟವರು ಅದರ ಹಣ್ಣು ನೋಡುತ್ತಾರೆ ಅನ್ನುವ ಭರವಸೆ ಇಲ್ಲ. ಅದಾಗುವವರೆಗೆ ಕಾಳು, ಔಷಧ, ಇಲಿ ಬೋನು ಯಾವುದನ್ನೂ ಬಿಡುವ ಹಾಗಿಲ್ಲ. ಐನೂರು ಹಕ್ಕಿಗಳಿವೆ ಅಂತ ಹಣ ಕೊಡುವವರು ಹಿಂದೆ ಸರಿದರೆ ಏನಾಗುತ್ತದೆ ಅನ್ನುವುದೇ ನನಗಿರುವ ದೊಡ್ಡ ಚಿಂತೆ.